ಎಂಟು ಸಾವಿರ ಹೊನ್ನಿನ ಹೀರೋ

ಭಾನುವಾರ ಮಧ್ಯಾಹ್ನ ಅಕ್ಕನ ಮನೆಗೆ ಹೋದರೆ ಊಟದ ಮೇಜು ನಮಗೆ ಸಿಗುವುದಿಲ್ಲ. ಅಕ್ಕನ ಮಗನೂ ಅವನ ನಾಲ್ವರು ಗೆಳೆಯರೂ ಹನ್ನೊಂದು ಗಂಟೆಗೇ ಅದನ್ನು ವಶಪಡಿಸಿಕೊಂಡಿರುತ್ತಾರೆ. ಮೇಜಿನ ತುಂಬ ಚೌಕುಳಿ ಹಾಳೆ, ಪೆನ್ಸಿಲ್ಲು, ಇಪ್ಪತ್ತು ಮುಖದ ದಾಳ, ಖಾರಾ ಬೂಂದಿಯ ಡಬ್ಬಿ. ಆಡುವುದು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’, ಅವರ ಬಾಯಲ್ಲಿ ಡಿ ಅಂಡ್ ಡಿ. ಒಬ್ಬರು ಕತೆ ನಡೆಸುತ್ತಾರೆ. ಅವರು ಡಂಜನ್ ಮಾಸ್ಟರ್, ಚಿಕ್ಕದಾಗಿ ಡಿಎಂ. ಮಿಕ್ಕವರು ತಲಾ ಒಂದು ಪಾತ್ರವಾಗುತ್ತಾರೆ. ‘ನಾನು ಬಾಗಿಲು ಒಡೆಯುತ್ತೇನೆ’ ಎಂದರೆ ಸಾಲದು, ದಾಳ ಒಪ್ಪಬೇಕು. ಆಡುತ್ತ ಆಡುತ್ತ ಪಾತ್ರ ಬಲಿಯುತ್ತದೆ. ಎಷ್ಟು ಬಲಿತಿದೆ ಎನ್ನುವುದನ್ನು ‘ಲೆವೆಲ್’ ಎಂಬ ಅಂಕಿ ಹೇಳುತ್ತದೆ.

ಆವತ್ತು ಅವರ ತಂಡ ಗಡಿಯೂರಿನ ಒಂದು ಛತ್ರ ತಲುಪಿತ್ತು. ಡಿಎಂ ಆಗಿದ್ದ ಹುಡುಗಿ ದನಿ ಗಡುಸು ಮಾಡಿಕೊಂಡು ಛತ್ರದ ಯಜಮಾನನಾದಳು. “ಯಾರಪ್ಪಾ ನೀನು? ಕತ್ತಿ ಕಟ್ಕೊಂಡು ಬಂದಿದೀಯ. ಕೋಣೆ ಕೊಡ್ಲೋ ಬೇಡ್ವೋ?” ಅಕ್ಕನ ಮಗ ತನ್ನ ಹಾಳೆಯ ಮೇಲೆ ಕಣ್ಣಾಡಿಸಿ, “ನಾನು ಫೋರ್ತ್ ಲೆವೆಲ್ ಫೈಟರ್” ಎಂದ.

ಎಲ್ಲರೂ ಬಿದ್ದು ಬಿದ್ದು ನಕ್ಕರು. “ಛತ್ರದವನಿಗೆ ಲೆವೆಲ್ ಅಂದ್ರೆ ಏನು ಗೊತ್ತೋ? ನೀರಿನ ಮಟ್ಟ ಅನ್ಕೋತಾನೆ!” ಹುಡುಗ ಕೆಂಪಾದ. ಸೋಫಾದಲ್ಲಿ ಪೇಪರ್ ಓದುತ್ತಿದ್ದ ನನ್ನ ಕಡೆ ತಿರುಗಿ, “ಮಾವ, ಮತ್ತೇನು ಅನ್ನಬೇಕಿತ್ತು ಹೇಳಿ?” ಎಂದ.

“ನೀನು 1974ರಲ್ಲಿ ಆಡಿದ್ದರೆ ‘ನಾನು ಹೀರೋ’ ಅಂತ ಹೇಳಬಹುದಿತ್ತು ಕಣೋ” ಎಂದೆ. ತಮಾಷೆ ಮಾಡುತ್ತಿದ್ದೇನೆ ಅಂದುಕೊಂಡ. ತಮಾಷೆಯಲ್ಲ. ಆಗಿನ ಪುಸ್ತಕದಲ್ಲಿ ನಾಲ್ಕನೇ ಲೆವೆಲ್‌ನ ಯೋಧನಿಗೆ ಅಚ್ಚಾಗಿದ್ದ ಹೆಸರೇ ‘ಹೀರೋ’.

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಸಣ್ಣ ಊರಿನಿಂದ ಆ ವರ್ಷ ಒಂದು ಪೆಟ್ಟಿಗೆ ಹೊರಬಂತು. ಒಳಗೆ ಮೂರು ತೆಳು ಪುಸ್ತಿಕೆಗಳು, ಬೆಲೆ 10 ಡಾಲರ್. ಬರೆದವರು ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಅರ್ನೆಸನ್. ‘ಮೆನ್ ಅಂಡ್ ಮ್ಯಾಜಿಕ್’ ಎಂಬ ಮೊದಲ ಪುಸ್ತಿಕೆಯಲ್ಲಿ ಯೋಧ, ಮಂತ್ರವಾದಿ, ಪುರೋಹಿತ ಎಂದು ಮೂರು ಬಗೆಯ ಪಾತ್ರಗಳು. ಮೂವರಿಗೂ ಮೆಟ್ಟಿಲು ಮೆಟ್ಟಿಲಿಗೆ ಒಂದೊಂದು ಬಿರುದು. ಯೋಧ ಒಂದನೇ ಮೆಟ್ಟಿಲಲ್ಲಿ ವೆಟರನ್, ಆಮೇಲೆ ವಾರಿಯರ್, ಸ್ವೋರ್ಡ್ಸ್‌ಮನ್, ನಾಲ್ಕರಲ್ಲಿ ಹೀರೋ, ಮುಂದೆ ಸ್ವಾಶ್‌ಬಕ್ಲರ್, ಮಿರ್ಮಿಡನ್, ಚಾಂಪಿಯನ್, ಎಂಟರಲ್ಲಿ ಸೂಪರ್‌ಹೀರೋ, ಒಂಬತ್ತರಲ್ಲಿ ಲಾರ್ಡ್. ಮಂತ್ರವಾದಿ ‘ಮೀಡಿಯಂ’ ಆಗಿ ಶುರುಮಾಡಿ ಹನ್ನೊಂದನೇ ಮೆಟ್ಟಿಲಲ್ಲಿ ‘ವಿಜಾರ್ಡ್’ ಆಗುತ್ತಾನೆ. ಪುರೋಹಿತ ‘ಅಕಲೈಟ್’ನಿಂದ ಎಂಟನೆಯ ‘ಪೇಟ್ರಿಯಾರ್ಕ್’ವರೆಗೆ ಏರುತ್ತಾನೆ.

ನಾಲ್ಕಕ್ಕೆ ಹೀರೋ, ಎಂಟಕ್ಕೆ ಸೂಪರ್‌ಹೀರೋ ಯಾಕೆ? ಮೂರಕ್ಕೋ ಏಳಕ್ಕೋ ಯಾಕಲ್ಲ? ಇದರ ಉತ್ತರ ಇನ್ನೊಂದು ಆಟದಲ್ಲಿದೆ. ಗೈಗ್ಯಾಕ್ಸ್ 1971ರಲ್ಲಿ ಜೆಫ್ ಪೆರೆನ್ ಜೊತೆ ‘ಚೈನ್‌ಮೇಲ್’ ಎಂಬ ಯುದ್ಧದಾಟದ ನಿಯಮಗಳನ್ನು ಬರೆದಿದ್ದ. ಮೇಜಿನ ಮೇಲೆ ಪುಟಾಣಿ ಸಿಪಾಯಿ ಬೊಂಬೆಗಳನ್ನಿಟ್ಟು ಮಧ್ಯಯುಗದ ಕಾಳಗ ನಡೆಸುವ ಆಟ ಅದು. ಅದರ ಕೊನೆಗೆ ಮಾಯಾಲೋಕದ ಒಂದು ಪುರವಣಿ. ಅಲ್ಲಿ ‘ಹೀರೋ’ ಎಂದರೆ ನಾಲ್ಕು ಸಿಪಾಯಿಗಳಿಗೆ ಸಮ, ‘ಸೂಪರ್‌ಹೀರೋ’ ಎಂಟಕ್ಕೆ ಸಮ. ಅಂದರೆ ಅದು ಹೊಗಳಿಕೆಯಲ್ಲ, ತಲೆ ಎಣಿಕೆ. ಅದೇ ಪುರವಣಿಯಲ್ಲಿ ಮಂತ್ರವಾದಿಗಳಿಗೂ ಮ್ಯಾಜಿಷಿಯನ್, ವಾರ್‌ಲಾಕ್, ಸಾರ್ಸರರ್, ವಿಜಾರ್ಡ್ ಎಂದು ಏರಿಕೆಯ ಸಾಲಿತ್ತು. 1974ರ ಪಟ್ಟಿಯಲ್ಲೂ ಈ ನಾಲ್ವರು ಇದೇ ಕ್ರಮದಲ್ಲಿ, ಆರು, ಎಂಟು, ಒಂಬತ್ತು, ಹನ್ನೊಂದನೇ ಮೆಟ್ಟಿಲುಗಳಲ್ಲಿ ಕೂತಿದ್ದಾರೆ. ಹಳೆಯ ಮನೆಯ ಕಂಬಗಳನ್ನು ಹಾಗೇ ಬಿಟ್ಟು, ನಡುನಡುವೆ ಹೊಸ ಗೋಡೆ ಎಬ್ಬಿಸಿದ ಹಾಗೆ.

ಆ ಹೊಸ ಗೋಡೆಗೆ ಇಟ್ಟಿಗೆ ಬಂದದ್ದು ನಿಘಂಟಿನಿಂದ. ಗೈಗ್ಯಾಕ್ಸ್‌ಗೆ ಹಳೆಯ ಪದಗಳ ಹುಚ್ಚು. ಹೋಮರನ ಕಾವ್ಯದಲ್ಲಿ ಅಕಿಲೀಸನ ಸೈನಿಕರಾದ ‘ಮಿರ್ಮಿಡನ್’ಗಳು ಹೀಗೇ ಪಟ್ಟಿ ಸೇರಿದರು. ಮಂತ್ರವಾದಿಗಳ ಸಾಲಿನಲ್ಲಿ ‘ಥಿಯರ್ಜಿಸ್ಟ್’ನ ಮೇಲೆ ‘ಥಾಮಟರ್ಜಿಸ್ಟ್’ ಯಾಕೆ ಕೂತ ಎಂದು ಕೇಳಿದರೆ ಪಂಡಿತರೂ ತಲೆ ಕೆರೆದುಕೊಳ್ಳಬೇಕು. ಪುರೋಹಿತರ ಸಾಲಿನಲ್ಲಂತೂ ಹಳ್ಳಿಯ ಪಾದ್ರಿ, ವಿಕಾರ್, ಬಿಷಪ್ ಎಂದು ಇಗರ್ಜಿಯ ಮೆಟ್ಟಿಲು ಹತ್ತುತ್ತಿದ್ದವನು ಏಳನೆಯದಕ್ಕೆ ಬಂದಾಗ ದಿಢೀರನೆ ಟಿಬೆಟ್‌ನ ‘ಲಾಮಾ’ ಆಗಿಬಿಡುತ್ತಾನೆ! ಎಂಟಕ್ಕೆ ಮತ್ತೆ ಇಗರ್ಜಿಗೇ ವಾಪಸ್.

ನಮ್ಮ ಕಡೆಯ ಪದವೂ ಒಂದಿದೆ. ಇದೇ ಆಟದ 1978ರ ‘ಪ್ಲೇಯರ್ಸ್ ಹ್ಯಾಂಡ್‌ಬುಕ್’ನಲ್ಲಿ ಗುಪ್ತಕೊಲೆಗಾರ ಎಂಬ ಪಾತ್ರ ಐದನೇ ಮೆಟ್ಟಿಲು ಮುಟ್ಟಿದಾಗ ಸಿಗುವ ಬಿರುದು ‘ಥಗ್’. ಹಿಂದಿಯ ‘ಠಗ್’ ಅದು. ನಮ್ಮ ‘ಠಕ್ಕ’ನೂ ಇದೇ ಬಳಗದವನು. ಈ ಪದವನ್ನು ಇಂಗ್ಲಿಷ್ ಓದುಗರ ಮನೆಮನೆಗೆ ಮುಟ್ಟಿಸಿದವರಲ್ಲಿ ಒಬ್ಬ ಫಿಲಿಪ್ ಮೆಡೋಸ್ ಟೇಲರ್. 1839ರಲ್ಲಿ ಬಂದ ಅವನ ‘ಕನ್ಫೆಷನ್ಸ್ ಆಫ್ ಎ ಥಗ್’ ಕಾದಂಬರಿ ಭಾರಿ ಜನಪ್ರಿಯವಾಯಿತು. ಅದಾದ ಎರಡು ವರ್ಷಕ್ಕೆ ಅವನು ಆಡಳಿತ ನೋಡಿಕೊಳ್ಳಲು ಬಂದದ್ದು ಈಗಿನ ಯಾದಗಿರಿ ಜಿಲ್ಲೆಯ ಸುರಪುರಕ್ಕೆ. ಅಲ್ಲಿನ ‘ಟೇಲರ್ ಮಂಜಿಲ್’ ಬಲ್ಲವರಿಗೆ ಈ ಹೆಸರು ಹೊಸದಲ್ಲ. ಹೀಗೆ ಡೆಕ್ಕನ್ನಿನ ದಾರಿಗಳ್ಳ ಇಂಗ್ಲಿಷಿನ ಹೆಗಲೇರಿ ಸಮುದ್ರ ದಾಟಿ, ವಿಸ್ಕಾನ್ಸಿನ್‌ನ ಒಂದು ಆಟದಲ್ಲಿ ಐದನೇ ಮೆಟ್ಟಿಲಿನ ಬಿರುದಾಗಿ ಕೂತ.

ಹೆಸರು ಚೆಂದವಿದ್ದರೆ ಸಾಕೆ? ಒಳಗಿನ ಲೆಕ್ಕವೂ ನೋಡಬೇಕು. ಒಂದನೇ ಲೆವೆಲ್‌ನ ಯೋಧ ‘ವೆಟರನ್’, ಅಂದರೆ ಹಲವು ಕಾಳಗ ಕಂಡು ಪಳಗಿದವನು. ಆದರೆ ಅವನ ಅನುಭವದ ಖಾತೆಯಲ್ಲಿರುವುದು ಸೊನ್ನೆ. ಜೀವ ಎಷ್ಟು ಗಟ್ಟಿ? ಆರು ಮುಖದ ಒಂದು ದಾಳ ಉರುಳಿಸಿ ಒಂದು ಕೂಡಿಸಿದರೆ ಎಷ್ಟೋ ಅಷ್ಟು: ಎರಡರಿಂದ ಏಳು. ಎದುರಾಳಿಯ ಪೆಟ್ಟು ಒಂದರಿಂದ ಆರರವರೆಗೆ ಕಳೆಯುತ್ತದೆ. ‘ಪಳಗಿದ’ ವೀರ ಒಂದೇ ಏಟಿಗೆ ಮಣ್ಣು ಮುಕ್ಕಬಹುದು, ಎರಡನೆಯದಕ್ಕಂತೂ ಉಳಿಯುವುದು ಅನುಮಾನ. ಇದನ್ನು ಬಿರುದು ಅನ್ನುವುದೋ, ಗೇಲಿ ಅನ್ನುವುದೋ?

ಮುಂದಿನ ಮೆಟ್ಟಿಲುಗಳ ಬೆಲೆ ಹೀಗಿದೆ: ವಾರಿಯರ್ ಆಗಲು 2,000 ಅನುಭವದ ಅಂಕ, ಸ್ವೋರ್ಡ್ಸ್‌ಮನ್‌ಗೆ 4,000, ಹೀರೋಗೆ 8,000. ಹೀಗೇ ಹೆಚ್ಚುಕಡಿಮೆ ದುಪ್ಪಟ್ಟಾಗುತ್ತ ಚಾಂಪಿಯನ್‌ಗೆ 64,000, ಲಾರ್ಡ್‌ಗೆ 2,40,000. ಈ ಅಂಕ ಬರುವುದು ಎಲ್ಲಿಂದ? ರಾಕ್ಷಸರನ್ನು ಕೊಂದರೆ ಬರುತ್ತದೆ, ನಿಜ. ಆದರೆ ದೊಡ್ಡ ಪಾಲು ಬರುವುದು ಹೊತ್ತು ತಂದ ನಿಧಿಯಿಂದ: ಒಂದು ಹೊನ್ನಿನ ನಾಣ್ಯಕ್ಕೆ ಒಂದು ಅಂಕ. ಹಾಗಾಗಿ ಆ ಕಾಲದ ಹೀರೋ ಯಾರೆಂದರೆ, ನೆಲಮಾಳಿಗೆಗಳಿಂದ ಸುಮಾರು ಎಂಟು ಸಾವಿರ ಹೊನ್ನು ಹೊತ್ತುಕೊಂಡು ಜೀವಸಹಿತ ಮನೆಗೆ ಬಂದವನು. ಯಾರನ್ನೂ ಕಾಪಾಡಿರಬೇಕೆಂದಿಲ್ಲ, ಯಾರ ಕಣ್ಣೀರೂ ಒರೆಸಿರಬೇಕೆಂದಿಲ್ಲ. ಖಾತೆ ತುಂಬಿದರೆ ಬಿರುದು ತಾನಾಗಿ ಬರುತ್ತದೆ. ಕೊಟ್ಟವರಾರು ಎಂದು ಕೇಳಿದರೆ, ಯಾರೂ ಅಲ್ಲ, ಪುಸ್ತಕದ ಕೋಷ್ಟಕ.

ಆದರೂ ಬಿರುದಿನ ಹಿಂದೆ ಒಂದು ನಿಜವಾದ ಅಗತ್ಯವಿತ್ತು. ಆಗಿನ ಡಿ ಅಂಡ್ ಡಿಯಲ್ಲಿ ‘ಲೆವೆಲ್’ ಎಂಬ ಒಂದೇ ಪದ ನಾಲ್ಕು ಕೆಲಸ ಮಾಡುತ್ತಿತ್ತು. ಪಾತ್ರಕ್ಕೆ ಲೆವೆಲ್, ಮಂತ್ರಕ್ಕೆ ಲೆವೆಲ್, ರಾಕ್ಷಸನಿಗೆ ಲೆವೆಲ್, ನೆಲಮಾಳಿಗೆಯ ಅಂತಸ್ತಿಗೂ ಲೆವೆಲ್. ಒಂಬತ್ತನೇ ಲೆವೆಲ್‌ನವನು ಎಂಟನೇ ಲೆವೆಲ್‌ಗೆ ಇಳಿದು, ಏಳನೇ ಲೆವೆಲ್‌ನ ಪ್ರಾಣಿಯ ಮೇಲೆ ನಾಲ್ಕನೇ ಲೆವೆಲ್‌ನ ಮಂತ್ರ ಹಾಕಿದ ಎಂದರೆ ಹೊಸಬನ ತಲೆ ತಿರುಗುತ್ತದೆ. 1978ರ ಪುಸ್ತಕದಲ್ಲಿ ಗೈಗ್ಯಾಕ್ಸ್ ಈ ಗೊಂದಲವನ್ನು ತಾನೇ ಒಪ್ಪಿಕೊಂಡಿದ್ದಾನೆ. ಪಾತ್ರಕ್ಕೆ ‘ರ‍್ಯಾಂಕ್’, ಮಂತ್ರಕ್ಕೆ ‘ಪವರ್’, ರಾಕ್ಷಸನಿಗೆ ‘ಆರ್ಡರ್’ ಎಂದು ಬೇರೆ ಬೇರೆ ಕರೆಯುವ ಯೋಚನೆಯಿತ್ತು, ಆದರೆ ಆಟಗಾರರ ನಾಲಿಗೆಗೆ ‘ಲೆವೆಲ್’ ಅಂಟಿಬಿಟ್ಟಿದ್ದರಿಂದ ಅದನ್ನೇ ಉಳಿಸಿಕೊಂಡೆ ಎಂಬುದು ಅವನ ಸಮಜಾಯಿಷಿ. ಇಂಥ ಕಡೆ ‘ಹೀರೋ’, ‘ವಿಜಾರ್ಡ್’ ಎಂದರೆ ಯಾವ ಲೆವೆಲ್ಲು ಎಂದು ಕೇಳುವ ಹಾಗೇ ಇಲ್ಲ.

ಅದಕ್ಕಿಂತ ದೊಡ್ಡ ಅಗತ್ಯ ಅಕ್ಕನ ಮಗನಿಗೆ ಬಂದದ್ದೇ. ಅಂಕಿ ಆಟಗಾರನಿಗೆ ಗೊತ್ತು, ಪಾತ್ರಕ್ಕೆ ಗೊತ್ತಿಲ್ಲ. ಕತೆಯೊಳಗಿನ ಛತ್ರದವನಿಗೆ, ರಾಜನಿಗೆ, ಸಂತೆಯಲ್ಲಿ ಬೆಲ್ಲ ಮಾರುವವಳಿಗೆ ಈ ಮನುಷ್ಯನನ್ನು ಕರೆಯಲು ಒಂದು ಮಾತು ಬೇಕು. ಆ ಮಾತು ಕತೆಯ ಒಳಗಿನದೇ ಆಗಿರಬೇಕು.

ಈ ಕೆಲಸವನ್ನು 1978ರ ಪುಸ್ತಕವೇ ಎರಡು ಕಡೆ ಸೊಗಸಾಗಿ ಮಾಡಿದೆ. ಒಂದು, ಬರಿಗೈಯಲ್ಲಿ ಹೋರಾಡುವ ‘ಮಾಂಕ್’, ಅಂದರೆ ಸನ್ಯಾಸಿ. ಅವನ ಮೇಲಿನ ಬಿರುದುಗಳು ಕಿವಿಗೇ ಇಂಪು: ಡ್ರ್ಯಾಗನ್‌ಗಳ ಗುರು, ನಾಲ್ಕು ದಿಕ್ಕಿನ ಗಾಳಿಗಳ ಗುರುಗಳು, ನಾಲ್ಕು ಋತುಗಳ ಗುರುಗಳು, ಎಲ್ಲಕ್ಕೂ ಮೇಲೆ ಹದಿನೇಳರಲ್ಲಿ ‘ಗ್ರ್ಯಾಂಡ್ ಮಾಸ್ಟರ್ ಆಫ್ ಫ್ಲವರ್ಸ್’, ಹೂಗಳ ಮಹಾಗುರು. ಆದರೆ ಸ್ವಾರಸ್ಯ ಹೆಸರಿನಲ್ಲಿಲ್ಲ, ಷರತ್ತಿನಲ್ಲಿದೆ. ಎಂಟನೇ ಮೆಟ್ಟಿಲಲ್ಲಿ ಜಗತ್ತಿಗೆಲ್ಲ ಮೂವರೇ. ಅಲ್ಲಿಂದ ಮೇಲೆ ಮೆಟ್ಟಿಲಿಗೊಬ್ಬ. ಅಂಕ ಎಷ್ಟೇ ಕೂಡಿಹಾಕಿದರೂ ಪೀಠ ತಾನಾಗಿ ಸಿಗುವುದಿಲ್ಲ. ಅಲ್ಲಿ ಕೂತವನನ್ನು ಹುಡುಕಿಕೊಂಡು ಹೋಗಿ, ಆಯುಧವಿಲ್ಲದೆ, ಮಾಯದ ವಸ್ತುಗಳಿಲ್ಲದೆ, ಒಬ್ಬರಿಗೊಬ್ಬರು ಸೆಣಸಿ ಗೆಲ್ಲಬೇಕು. ಸೋತವನು ಕೆಳಗಿಳಿಯುತ್ತಾನೆ. ಇನ್ನೊಂದು, ಕಾಡಿನ ಪುರೋಹಿತ ‘ಡ್ರೂಯಿಡ್’. ಅವರಲ್ಲಿ ಹನ್ನೆರಡನೇ ಮೆಟ್ಟಿಲಿನವರು ಒಂಬತ್ತೇ ಮಂದಿ, ಅವರ ಮೇಲೆ ಮೂವರು ಆರ್ಚ್‌ಡ್ರೂಯಿಡ್‌ಗಳು, ತುದಿಯಲ್ಲಿ ಒಬ್ಬನೇ ಗ್ರೇಟ್ ಡ್ರೂಯಿಡ್. ಜಾಗ ಖಾಲಿಯಿರಬೇಕು, ಇಲ್ಲವೇ ಕಾದು ಖಾಲಿ ಮಾಡಿಸಬೇಕು.

ಇಲ್ಲಿ ಹೆಸರು ಸುಮ್ಮನೆ ಹೆಸರಲ್ಲ. ಅದಕ್ಕೊಂದು ಪೀಠವಿದೆ, ಪೀಠದ ಮೇಲೆ ಆಗಲೇ ಕೂತವನಿದ್ದಾನೆ, ನಾಳೆ ನಿನ್ನನ್ನು ಕೆಳಗಿಳಿಸಲು ಬರುವವನೂ ಇದ್ದಾನೆ. ಡಿಎಂ ಬೇರೆ ಕತೆ ಕಟ್ಟಬೇಕಾಗಿಯೇ ಇಲ್ಲ.

ಒಂಬತ್ತನೇ ಮೆಟ್ಟಿಲಿನ ‘ಲಾರ್ಡ್’ ಕೂಡ ಇದೇ ಜಾತಿಯವನು. ಆ ಹೆಸರು ಬಂದಾಗ ಯೋಧ ಕೋಟೆ ಕಟ್ಟಬಹುದು, ಸುತ್ತಲಿನ ನೆಲವನ್ನು ಆಳಿ ಕಂದಾಯ ಎತ್ತಬಹುದು, ಅವನ ಹೆಸರು ಕೇಳಿ ಸೈನಿಕರು ಹುಡುಕಿಕೊಂಡು ಬರುತ್ತಾರೆ. ಹಳೆಯ ಆಟಗಾರರು ಈ ಘಟ್ಟಕ್ಕೆ ‘ನೇಮ್ ಲೆವೆಲ್’ ಎಂದೇ ಹೇಳುತ್ತಾರೆ: ಇಲ್ಲಿಂದ ಮುಂದೆ ಹೊಸ ಬಿರುದಿಲ್ಲ, ಸಿಕ್ಕ ಈ ಹೆಸರೇ ಕೊನೆಯದು.

1989ರಲ್ಲಿ ಆಟದ ಎರಡನೇ ಆವೃತ್ತಿ ಬಂತು. ವೆಟರನ್‌ನಿಂದ ಸೂಪರ್‌ಹೀರೋವರೆಗಿನ ಇಡೀ ಪಟ್ಟಿಯನ್ನು ತೆಗೆದುಹಾಕಿದರು. ಮಿರ್ಮಿಡನ್ ಹೋದ, ಥಾಮಟರ್ಜಿಸ್ಟ್ ಹೋದ, ಗುಪ್ತಕೊಲೆಗಾರನ ಪಾತ್ರವೇ ಹೋದದ್ದರಿಂದ ನಮ್ಮ ಥಗ್ಗನೂ ಹೋದ. ಆದರೆ ಗಮನಿಸಿ, ಎರಡು ಉಳಿದವು. ಒಂಬತ್ತನೇ ಲೆವೆಲ್‌ನ ಯೋಧನನ್ನು ಆ ಪುಸ್ತಕವೂ ‘ಲಾರ್ಡ್’ ಎಂದೇ ಕರೆಯಿತು, ಯಾಕೆಂದರೆ ಸೈನಿಕರು ಅವನನ್ನು ಹುಡುಕಿಕೊಂಡು ಬರುವ ನಿಯಮ ಉಳಿದಿತ್ತು. ಡ್ರೂಯಿಡ್‌ಗಳ ಪೀಠಗಳೂ, ಪೀಠಕ್ಕಾಗಿ ನಡೆಯುವ ಕಾಳಗವೂ ಉಳಿದವು.

ಕನ್ನಡದಲ್ಲಿ ಯೋಚಿಸುವವರಿಗೆ ಇದರ ಮರ್ಮ ಬೇಗ ಹೊಳೆಯುತ್ತದೆ. ನಮ್ಮಲ್ಲಿ ಬಿರುದು ಬೇರೆ, ಪದವಿ ಬೇರೆ. ಬಿರುದನ್ನು ಹೊಗಳುಭಟ ಕೂಗುತ್ತಾನೆ. ಪದವಿಯನ್ನು ಹೊಣೆ ಹಿಂಬಾಲಿಸುತ್ತದೆ. ಪಟ್ಟಿಯಲ್ಲಿ ಬರೀ ಬಿರುದಾಗಿದ್ದದ್ದೆಲ್ಲ ಒಂದೇ ಏಟಿಗೆ ಉದುರಿತು. ಲೋಕದಲ್ಲಿ ಒಂದು ಜಾಗ, ಒಂದು ಕೆಲಸ, ಒಬ್ಬ ಎದುರಾಳಿ ಇದ್ದ ಈ ಎರಡು ಪದವಿಗಳು ಬೇರು ಬಿಟ್ಟಿದ್ದರಿಂದ ನಿಂತವು.

ಇದನ್ನು ಮೊದಲೇ ಕಂಡುಕೊಂಡಿದ್ದ ಆಟಗಳಿವೆ. ಮಾರ್ಕ್ ಮಿಲ್ಲರ್ 1977ರಲ್ಲಿ ತಂದ ‘ಟ್ರಾವೆಲರ್’ ಅಂತರಿಕ್ಷದ ಆಟ. ಅದರಲ್ಲಿ ಲೆವೆಲ್ಲೇ ಇಲ್ಲ. ಪಾತ್ರ ಕಟ್ಟುವಾಗಲೇ ಅದರ ಅರ್ಧ ಆಯುಷ್ಯವನ್ನು ದಾಳ ಹಾಕಿ ಕಳೆಯಬೇಕು: ನೌಕಾಪಡೆ ಸೇರಿದ, ಬಡ್ತಿ ಸಿಕ್ಕಿತು, ಲೆಫ್ಟಿನೆಂಟ್ ಆದ, ಕಮಾಂಡರ್ ಆದ. ದಾಳ ಕೈಕೊಟ್ಟರೆ ಆಟ ಶುರುವಾಗುವ ಮುಂಚೆಯೇ ಸತ್ತ! ಬದುಕಿ ನಿವೃತ್ತನಾದ ಮೇಲೆ ಆಟ ಆರಂಭ. ಅಲ್ಲಿ ‘ಕ್ಯಾಪ್ಟನ್’ ಎಂದರೆ ಮುಂದಿನ ಮೆಟ್ಟಿಲಲ್ಲ, ಹಿಂದಿನ ಬದುಕು. ನಿವೃತ್ತರಾಗಿ ಇಪ್ಪತ್ತು ವರ್ಷವಾದರೂ ಬೀದಿಯವರೆಲ್ಲ ‘ಮೇಷ್ಟ್ರೇ’ ಎಂದೇ ಕರೆಯುವ ಹಾಗೆ. 1978ರ ‘ರೂನ್‌ಕ್ವೆಸ್ಟ್’ನಲ್ಲೂ ಲೆವೆಲ್ ಇಲ್ಲ. ‘ರೂನ್ ಲಾರ್ಡ್’ ಆಗಬೇಕಾದರೆ ಒಂದು ದೇವರ ಪಂಥ ಸೇರಿ, ವಿದ್ಯೆಗಳಲ್ಲಿ ನೂರಕ್ಕೆ ತೊಂಬತ್ತರ ಪಳಗಿಕೆ ಸಾಧಿಸಿ, ಪಂಥ ಒಪ್ಪುವ ಹಾಗೆ ಬದುಕಬೇಕು. ಕೊಡುವವರು ಇದ್ದಾರೆ, ಹಾಗಾಗಿ ಕೊಟ್ಟದ್ದಕ್ಕೆ ಬೆಲೆಯಿದೆ.

ಲೆವೆಲ್‌ಗೊಂದು ಬಿರುದು ಎಂಬ ಹಳೆಯ ಹುಚ್ಚು ಈಚೆಗೆ ಮತ್ತೆ ಚಿಗುರಿದೆ, ಸ್ವಲ್ಪ ಬುದ್ಧಿ ಕಲಿತುಕೊಂಡು. 2012ರ ‘ಡಂಜನ್ ಕ್ರಾಲ್ ಕ್ಲಾಸಿಕ್ಸ್’ ಯೋಧರಿಗೆ ಒಂದೇ ಪಟ್ಟಿ ಕೊಡುವುದಿಲ್ಲ, ಮೂರು ಕೊಡುತ್ತದೆ. ಕಟ್ಟಳೆಗೆ ತಲೆಬಾಗಿ ನಡೆಯುವವನು ‘ಸ್ಕ್ವೈರ್’ ಆಗಿ ಆರಂಭಿಸಿ ಐದನೇ ಮೆಟ್ಟಿಲಲ್ಲಿ ‘ಪ್ಯಾಲಡಿನ್’ ಆಗುತ್ತಾನೆ. ಕಟ್ಟಳೆ ಮುರಿಯುವವನು ‘ಬ್ಯಾಂಡಿಟ್’ ಆಗಿ ಆರಂಭಿಸಿ ‘ರೀವರ್’, ಊರು ಸೂರೆಮಾಡುವವನು, ಆಗುತ್ತಾನೆ. ಇಬ್ಬರ ಅಂಕ ಒಂದೇ, ತೋಳಬಲ ಒಂದೇ. ಆದರೆ ಊರ ಬಾಗಿಲಲ್ಲಿ ಒಬ್ಬನಿಗೆ ಆರತಿ, ಇನ್ನೊಬ್ಬನಿಗೆ ಅಗುಳಿ. ಅಮೆರಿಕದ ಕೆಲ್ಸಿ ಡಿಯೋನ್ 2023ರಲ್ಲಿ ತಂದ ‘ಶ್ಯಾಡೋಡಾರ್ಕ್’ ಕೂಡ ಇದೇ ದಾರಿ ಹಿಡಿದಿದೆ. ಎಷ್ಟು ಬಲ ಎಂದು ಹೇಳಲು ಅಂಕಿ ಇದ್ದೇ ಇದೆ. ಆ ಬಲ ಎಂಥದು ಎಂಬುದನ್ನು ಹೇಳಿದರೆ ಮಾತ್ರ ಬಿರುದಿಗೆ ಕೆಲಸ.

ಇಷ್ಟನ್ನೂ ಹುಡುಗರಿಗೆ ಬೂಂದಿ ಮೆಲ್ಲುತ್ತ ಹೇಳಿದೆ. ಅಕ್ಕನ ಮಗನಿಗೆ ‘ಹೀರೋ’ ಬಹಳ ಹಿಡಿಸಿತು, ತನಗೆ ಅದೇ ಇರಲಿ ಎಂದ. ಡಿಎಂ ಹುಡುಗಿ ಒಪ್ಪಲಿಲ್ಲ. “ಅಂಕಲ್, ಅವನು ತಾನೇ ಹೀರೋ ಅಂದ್ಕೊಂಡ್ರೆ ಛತ್ರದವನು ನಗಲ್ವಾ?” ಎಂದಳು. ನಾನು ಅರ್ಧ ಗಂಟೆ ಕೊರೆದದ್ದನ್ನು ಅವಳು ಒಂದೇ ಮಾತಿನಲ್ಲಿ ಮುಗಿಸಿದ್ದಳು.

“ಹಾಗಾದರೆ ನೀನೇ ಕೊಡಮ್ಮ” ಎಂದೆ. “ಲೆವೆಲ್ ಏರಿದಾಗಲ್ಲ. ಅವನು ಊರಿನವರ ಮುಂದೆ ಏನಾದರೂ ಮಾಡಿದಾಗ. ಕೊಟ್ಟ ಮೇಲೆ ಒಬ್ಬರಾದರೂ ಅವನ ಜೊತೆ ನಡೆದುಕೊಳ್ಳುವ ರೀತಿ ಬದಲಾಗಬೇಕು, ಬದಲಾಗದಿದ್ದರೆ ಕೊಡಲೇಬೇಡ.”

ಮುಂದಿನ ಭಾನುವಾರ ನಾನು ಹೋಗುವ ಹೊತ್ತಿಗೆ ಆಟ ಅದೇ ಛತ್ರದ ಬಾಗಿಲಲ್ಲಿತ್ತು. ಆ ನಡುವೆ ಏನೋ ನಡೆದಿತ್ತು. ಕಳ್ಳರು ಪಕ್ಕದ ಹಳ್ಳಿಯ ದನಗಳನ್ನು ಹೊಡೆದುಕೊಂಡು ಹೋಗಿದ್ದರಂತೆ. ನಿಧಿ ಸಿಗದ ಕೆಲಸ, ಬೇಡ ಎಂದು ಮಿಕ್ಕವರು ಹಿಂಜರಿದಾಗ ಇವನು ಒಬ್ಬನೇ ಬೆನ್ನಟ್ಟಿ ಹೋಗಿ, ಮುಕ್ಕಾಲು ಜೀವ ಕಳೆದುಕೊಂಡು, ಮೂವತ್ತು ದನಗಳನ್ನು ಬಿಡಿಸಿಕೊಂಡು ಬಂದಿದ್ದ. ಅಂಕವೂ ಹೆಚ್ಚೇನು ಸಿಕ್ಕಿರಲಿಲ್ಲ. ಇನ್ನೂ ಅದೇ ನಾಲ್ಕನೇ ಲೆವೆಲ್.

ಹುಡುಗಿ ದನಿ ಗಡುಸು ಮಾಡಿಕೊಂಡಳು. “ಯಾರಪ್ಪಾ...” ಎಂದು ಶುರುಮಾಡಿದವಳು ತಡೆದು, ದನಿ ಇಳಿಸಿದಳು. “ಓಹೋ, ದನ ಬಿಡಿಸ್ಕೊಂಡು ಬಂದ ಭೈರ ಅಲ್ವಾ ನೀನು? ಬಾರಪ್ಪ ಒಳಗೆ. ನಿನ್ನ ಹತ್ರ ಕೋಣೆಗೆ ಕಾಸು ತಗೊಂಡ್ರೆ ನನ್ನ ಹೆಂಡ್ತಿ ಮನೆಗೆ ಸೇರಿಸಲ್ಲ.”

ಅಕ್ಕನ ಮಗ ಉಬ್ಬಿಹೋದ. ಪೆನ್ಸಿಲ್ ತೆಗೆದು ಬರೆಯಲು ಹೊರಟ. ಹಾಳೆಯಲ್ಲಿ ಲೆವೆಲ್‌ಗೆ ಚೌಕವಿದೆ, ಅಂಕಕ್ಕೆ ಚೌಕವಿದೆ, ಹೊನ್ನಿಗೂ ಇದೆ, ಇದಕ್ಕೆ ಇರಲಿಲ್ಲ. ಹೆಸರಿನ ಪಕ್ಕದ ಖಾಲಿ ಜಾಗದಲ್ಲಿ ‘ದನ ತಂದ ಭೈರ’ ಎಂದು ಕನ್ನಡದಲ್ಲೇ ಬರೆದುಕೊಂಡ.

“ಅಂದ ಹಾಗೆ ಭೈರಣ್ಣ,” ಛತ್ರದ ಯಜಮಾನ ಇನ್ನೂ ಮಾತು ಮುಗಿಸಿರಲಿಲ್ಲ, “ನಂದೊಂದು ಕತ್ತೆ ನಿನ್ನೆ ರಾತ್ರಿಯಿಂದ ಕಾಣ್ತಿಲ್ಲ. ಹೇಗೂ ನೀನು ಬಂದಿದೀಯಲ್ಲ...”